ತಾಯಿ ಹಡಗಿಗೆ ಮೂರು ಸುತ್ತು

ಶತ್ರುವಿನ ಹಡಗುಗಳು ಇವತ್ತೂ ಸತ್ಯಾತ್ಮನ ನೆತ್ತಿಯ ಮೇಲೆ ಬಂದು ನಿಂತವು. ಇವತ್ತೂ ಒಂದು ಗುಂಡೂ ಹಾರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಮಾತು. ವೆಸ್ಟ್ ಮಾಂಬಲಂನ ಆ ಬ್ರೌಸಿಂಗ್ ಸೆಂಟರಿನಲ್ಲಿ ಆರು ಕಂಪ್ಯೂಟರು, ಒಂದು ಫ್ಯಾನು, ಮೂರು ಲೋಕಕ್ಕೂ ಸಾಕಾಗುವಷ್ಟು ಸೆಕೆ. ಅಲ್ಲಿ ಆಡುತ್ತಿದ್ದ ಅಂತರಿಕ್ಷ ಯುದ್ಧದ ಆಟದಲ್ಲಿ ಭೂಮಂಡಲದ ಮಂದಿಯೆಲ್ಲ ಹಡಗುಗಳನ್ನು ಚದುರಂಗದ ಕಾಯಿಯಂತೆ ಹಿಂದೆ ಮುಂದೆ ತಳ್ಳುತ್ತಿದ್ದರು. ಮೇಲಕ್ಕೂ ಹೋಗಬಹುದೆಂದು ಕಂಡುಕೊಂಡವನು ಒಬ್ಬನೇ: ಸತ್ಯಾತ್ಮನ ತಮ್ಮ ಉಪೇಂದ್ರ. ಹಡಗುಗಳನ್ನು ನೆಟ್ಟಗೆ, ಆಟದ ಚಾವಣಿಗೆ ತಲೆ ತಾಗುವಷ್ಟು ಎತ್ತರಕ್ಕೆ ಏರಿಸುವುದು. ಕೆಳಗಿನವರ ಫಿರಂಗಿಗಳಿಗೆ ಅಷ್ಟು ಕತ್ತೆತ್ತಲು ಬರುವುದಿಲ್ಲ. ಅಲ್ಲಿಂದ ಹದ್ದಿನಂತೆ ಎರಗುವುದು. ಒಂದೇ ಬೇಸಿಗೆಯಲ್ಲಿ ನಲವತ್ತು ಸಾವಿರ ಹಡಗು ಸುಟ್ಟಿದ್ದ. ಕಡಿಮೆಯೇ ಹೇಳಿದ್ದು.

ಒಮ್ಮೆ ಬೈಯಲು ಬಂದ ಅಪ್ಪ, ಸೀತಾರಾಮಾಚಾರ್ಯರು, ಪರದೆ ನೋಡಿ ನಿಂತುಬಿಟ್ಟಿದ್ದರು.

“ಅದೇನೋ ಮಧ್ಯದಲ್ಲಿ?”

“ತಾಯಿ ಹಡಗು, ಅಪ್ಪಾ.”

“ತಾಯಿ ಅಂತೀಯ, ಪ್ರದಕ್ಷಿಣೆ ಹಾಕದೇ ಹೊರಡ್ತೀಯಲ್ಲೋ ಮುಠ್ಠಾಳ!”

ಅಂದಿನಿಂದ ಉಪೇಂದ್ರನ ಪಡೆ ತಾಯಿ ಹಡಗನ್ನು ಬಲಕ್ಕೆ ಮೂರು ಸುತ್ತು ಸುತ್ತಿಯೇ ಮೇಲೇರುತ್ತಿತ್ತು. ಹದಿನಾಲ್ಕು ಲೋಕ ಹುಡುಕಿದರೂ ಹಾಗೆ ಆಡುವ ಇನ್ನೊಬ್ಬ ಸಿಗುತ್ತಿರಲಿಲ್ಲ.

ಆಮೇಲೆ ಅವನು ಪರೀಕ್ಷೆಯಲ್ಲಿ ಫೇಲಾದ. “ಆಟ ಬೇಕೋ, ಮನೆ ಬೇಕೋ” ಎಂದರು ಅಪ್ಪ. ಉಪೇಂದ್ರ ಚಪ್ಪಲಿ ಮೆಟ್ಟಿ ಹೊರಟುಹೋದ.

ಎಂಟು ತಿಂಗಳಾಯಿತು. ಪೊಲೀಸು, ಜ್ಯೋತಿಷ್ಯ ಎಲ್ಲ ಮುಗಿದು ಈಗ ಮನೆಯಲ್ಲಿ ಯಾರೂ ಅಳುವುದೂ ಇಲ್ಲ. ಅಮ್ಮ ಊಟಕ್ಕೆ ಅವನ ತಟ್ಟೆಯನ್ನೂ ಇಡುತ್ತಾಳೆ, ಹಾಗೆಯೇ ಎತ್ತಿಡುತ್ತಾಳೆ. ಅಪ್ಪ ರೈಲಿನ ಸೀಸನ್ ಪಾಸ್ ಮಾಡಿಸಿ ದಿನಾ ಸಂಜೆ ಎಲ್ಲೋ ಪ್ರವಚನಕ್ಕೆ ಹೋಗುತ್ತಾರೆ. ಸತ್ಯಾತ್ಮ ಆಫೀಸಿನಿಂದ ನೇರ ಇಲ್ಲಿಗೆ ಬಂದು, ತಮ್ಮನ ಹೆಸರಿನಲ್ಲೇ ಲಾಗಿನ್ ಆಗಿ ಆಡುತ್ತಾನೆ. ಹಳೆಯ ಎದುರಾಳಿ ಯಾರಾದರೂ ಅವನ ಸುದ್ದಿ ಹೇಳಬಹುದು ಎಂದು. ಗೆದ್ದರೂ ಒಂದೇ, ಸೋತರೂ ಒಂದೇ. ಕೂತ ಕುರ್ಚಿಗಾದರೂ ಅವನಿಗಿಂತ ಜೀವವಿತ್ತು.

ಹದಿನೈದು ದಿನದ ಹಿಂದೆ ‘ಅತಿಥಿ’ ಎಂಬ ಹೆಸರಿನ ಎದುರಾಳಿ ಬಂದ. ತಾಯಿ ಹಡಗನ್ನು ಬಲಕ್ಕೆ ಮೂರು ಸುತ್ತು. ಆಮೇಲೆ ನೆಟ್ಟಗೆ ಮೇಲೆ. ಅಲ್ಲಿ ನಿಂತವನು ನಿಂತೇ ಇದ್ದ.

“ಡೇಯ್ ಸತ್ಯಾ, ನಿನ್ ತಂಬಿಯೇ ಡಾ ಇದು!” ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ ಸೆಂಟರಿನ ಮಾಲೀಕ ಬಾಬು. “ಅಣ್ಣ ಅಂತ ಗೊತ್ತಾಗಿದೆ. ಗುಂಡ್ ಹೊಡಿಯಕ್ಕೆ ಕೈ ಬರ್ತಿಲ್ಲ, ಅಷ್ಟೇ.”

ಏಕಾದಶಿಯ ದಿನ ಅತಿಥಿ ಬರಲೇ ಇಲ್ಲ ಎಂದು ಮಾರನೆಯ ದಿನ ಬಾಬು ಹೇಳಿದ. ಸತ್ಯಾತ್ಮನ ಮನೆಯಲ್ಲಿ ಏಕಾದಶಿ ಎಂದರೆ ಉಪವಾಸ. ಆಟವೂ ಇಲ್ಲ, ಹರಟೆಯೂ ಇಲ್ಲ. ಅವನ ಉಳಿದ ಅನುಮಾನವೂ ಹೋಯಿತು.

ಇವತ್ತು ಅವನು ಟೈಪ್ ಮಾಡಿದ: ‘ಎಲ್ಲಿದ್ದೀಯ?’

ಉತ್ತರಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಕಾಲದ ಟೆಲಿಫೋನ್ ಲೈನಿನಲ್ಲಿ ಅಕ್ಷರಗಳು ಬಸವನಹುಳುವಿನ ಬೆನ್ನೇರಿ ಬರುತ್ತಿದ್ದವು.

‘ತಾಂಬರಂ. ಸ್ಟೇಷನ್ ಎದುರು ಸೆಂಟರ್. ಬಾ.’

“ನಾನು ಅವನನ್ನ ಆಟದಲ್ಲಿ ಹಿಡಿದಿಟ್ಟಿರ್ತೀನಿ, ನೀ ಓಡು!” ಎಂದು ಬಾಬು ಅವನ ಕುರ್ಚಿಗೆ ಹಾರಿದ.

ಎಲೆಕ್ಟ್ರಿಕ್ ಟ್ರೈನಿನಲ್ಲಿ ಸತ್ಯಾತ್ಮ ಬಾಗಿಲಿಗೆ ಒರಗಿ ನಿಂತ. ಇಡೀ ಬೋಗಿಗೆ ಬೋಗಿಯೇ ಮೂಗು ಮುಚ್ಚಿಕೊಂಡಾಗ ಕ್ರೋಂಪೇಟೆ ಬಂತೆಂದು ತಿಳಿಯಿತು. ಅವನಿಗೆ ಅಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳ ವಾಸನೆಯೂ ಬರಲಿಲ್ಲ. ತಮ್ಮನಿಗೆ ಮೊದಲು ಏನು ಹೇಳಬೇಕೆಂದೂ ಹೊಳೆಯಲಿಲ್ಲ.

ತಾಂಬರಂನ ಸೆಂಟರಿನಲ್ಲಿ ಕೊನೆಯ ಪರದೆ ಒಂದರಲ್ಲೇ ಅಂತರಿಕ್ಷವಿತ್ತು. ಮೇಲೆ ತೂಗುತ್ತಿರುವ ಹಡಗುಗಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಚೀಟಿ: ‘ಬಲಕ್ಕೆ ಮೂರು ಸುತ್ತು. ಆಮೇಲೆ ಮೇಲೆ.’ ಕೀಬೋರ್ಡಿನ ಮೇಲೆ ಒಂದೇ ಒಂದು ಬೆರಳು ಅಕ್ಷರ ಹುಡುಕುತ್ತಿತ್ತು.

“ಬಂದ್ಯೇನೋ ಉಪೇಂದ್ರಾ?” ಎನ್ನುತ್ತ ತಿರುಗಿದರು ಅಪ್ಪ.