ಸುವರ್ಣಾಳ ಪ್ರಗತಿಪತ್ರ

ಇಂದಿಗೂ ಅರಿಶಿನ ಕುಟ್ಟುವ ವಾಸನೆ ಮೂಗಿಗೆ ಬಡಿದರೆ, ಏಳನೇ ತರಗತಿಯ ಆ ಮಧ್ಯಾಹ್ನ ನನ್ನ ಮುಂದೆ ಬಂದು ನಿಲ್ಲುತ್ತದೆ.

ನನ್ನ ಗೆಳತಿ ಸುವರ್ಣಾ ಎಂಟು ದಿನಗಳಿಂದ ಶಾಲೆಗೆ ಬಂದಿರಲಿಲ್ಲ. ಮಾಸ್ತರು ಅವಳ ಪ್ರಗತಿಪತ್ರವನ್ನು ನನ್ನ ಕೈಗೆ ಕೊಟ್ಟು, "ಅವರಪ್ಪನ ಸಹಿ ಮಾಡಿಸ್ಕೊಂಡ ಬಾ. ಗಣಿತದಾಗ ಆಕೀನ ಮೊದಲನೇಕಿ ಅಂತ ಮರೀದ ಹೇಳು" ಎಂದರು.

ಕಬ್ಬಿನ ಹೊಲಗಳ ನಡುವೆ ಇದ್ದ ಅವರ ಮನೆಯ ಅಂಗಳದಲ್ಲಿ ಹೆಂಗಸರು ಅರಿಶಿನ ಕುಟ್ಟುತ್ತಿದ್ದರು. ನನ್ನನ್ನು ಕಂಡೊಡನೆ ಒನಕೆಗಳು ನಿಂತವು. ಸುವರ್ಣಾ ಒಳಗೆ ಗೋಡೆಗೆ ಆತು ಕೂತಿದ್ದಳು. ಎರಡೂ ಕೈಗಳ ತುಂಬ ಹೊಸ ಹಸಿರು ಬಳೆಗಳಿದ್ದವು. ನಾನು ಕರೆದೆ. ಅವಳು ತಲೆ ಎತ್ತಲಿಲ್ಲ.

ಅವಳ ಅಪ್ಪ ಪತ್ರವನ್ನು ಎರಡು ಸಲ ಓದಿದರು. "ಭಾಳ ಚಲೋ ಆತು. ಹುಡಗಿಗೆ ಲೆಕ್ಕಾ ಬರತೈತಿ ಅಂತ ಅಕ್ಕೋಳದ ಬೀಗರಿಗೂ ಹೇಳ್ತೀನಿ" ಎಂದು ನಗುತ್ತ ಸಹಿ ಹಾಕಿದರು.

"ಸೋಮವಾರ ಸಾಲಿಗೆ ಬರ್ತಾಳೇನ್ರಿ ಕಾಕಾ?" ಎಂದು ಕೇಳಿದೆ. ಅವರು ಪತ್ರವನ್ನು ಮಡಚಿ ನನ್ನ ಕೈಗಿಟ್ಟರು.

ಬೀಗರ ಕಡೆಯ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಹತ್ತಿರ ಕರೆದು, ಒರಟು ಬೆರಳುಗಳಿಂದ ಗದ್ದ ಹಿಡಿದು, ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು.

"ನೀನೂ ಶಾಣ್ಯಾಕಿ ಇದ್ದೀಯೇನ ಬೇ?"

"ವರ್ಗದಾಗ ಎರಡನೇ ನಂಬರ ರೀ" ಎಂದೆ ಹೆಮ್ಮೆಯಿಂದ.

"ನಿಮ್ಮಪ್ಪ ಸಂಜಿಮುಂದ ಮನ್ಯಾಗ ಇರ್ತಾನೇನು?"

"ಹೌದ್ರಿ, ಇರ್ತಾರ್ರಿ" ಎಂದು, ನಮ್ಮ ಮನೆಯ ದಾರಿಯನ್ನೂ ಕೈಮಾಡಿ ತೋರಿಸಿದೆ.