ಮುನಿಗಂಗಮ್ಮನ ಹತ್ತು ಗುಂಟೆ

ಮುನಿಗಂಗಮ್ಮ ಕ್ರಿಶ್ಚಿಯನ್ ಆಗಿಬಿಟ್ಟಳು ಎಂಬ ಸುದ್ದಿ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಹುಟ್ಟಿ, ಅವಳ ಮಗ ಕಾಂತರಾಜು ಹಾಸಿಗೆಯಿಂದ ಏಳುವ ಹೊತ್ತಿಗೆ ಊರೆಲ್ಲ ಸುತ್ತಿ ಬಂದಿತ್ತು. ಅವನು ಹಿತ್ತಲಿಗೆ ನುಗ್ಗಿದ. ಅವ್ವ ಹಸುವಿಗೆ ಬೂಸಾ ಕಲಸುತ್ತಿದ್ದಳು. ಹಣೆಯ ಮೇಲೆ ಎಂದಿನ ವಿಭೂತಿ ಇತ್ತು. ಊರಿನವರ ಪ್ರಕಾರ ಅದು ಕಣ್ಣಿಗೆ ಮಣ್ಣೆರಚುವ ಉಪಾಯ.

ಚರ್ಚಿಗೆ ಜಾಗ ಕೊಟ್ಟದ್ದು ನಿಜವೇ ಎಂದು ಕೇಳಿದ. ನಿಜ ಎಂದಳು. ಯಾಕೆ ಎಂದು ಕೇಳಿದ. ಅವಳು ಕೈ ತೊಳೆದು ಒಂದು ಲೋಟ ಮಜ್ಜಿಗೆ ತಂದು ಅವನ ನಡುಗುವ ಕೈಗೆ ಕೊಟ್ಟಳು.

ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಆ ಮನೆಗೆ ಉಳಿದಿದ್ದು ಇಪ್ಪತ್ತು ಗುಂಟೆ. ಅರ್ಧ ಅವಳದು, ಅರ್ಧ ಮಗನದು. ತನ್ನ ಭಾಗದಲ್ಲಿ ಹೋಟೆಲ್ ಕಟ್ಟುತ್ತಿದ್ದೇನೆ ಎಂದು ಕಾಂತರಾಜು ಊರಿಗೆಲ್ಲ ಹೇಳಿದ್ದ. ಗೋಡೆ ತಾರಸಿಯ ಮಟ್ಟಕ್ಕೆ ಬಂದಿತ್ತು. ಪಕ್ಕದ ಅವ್ವನ ಭಾಗದಲ್ಲಿ ರಾಗಿ ಕೂಳೆ.

ಪಾಸ್ಟರ್ ಜಯಪಾಲ್ ಅವರ ಚರ್ಚು ನೆಲಮಂಗಲದ ಒಂದು ಬಾಡಿಗೆ ಮಹಡಿಯಲ್ಲಿತ್ತು. ರಸ್ತೆ ಅಗಲ ಮಾಡಲು ಆ ಕಟ್ಟಡ ಬೀಳಲಿತ್ತು. ಬೇರೆ ಯಾರೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಸಭೆಯವರಲ್ಲಿ ಹೆಚ್ಚಿನವರು ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ ದುಡಿಯುವವರು. ಹೀಗಿರುವಾಗ ಗುರುತಿಲ್ಲದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು, ನನ್ನ ಜಾಗ ತಗೊಳ್ಳಿ ಎಂದಾಗ ಜಯಪಾಲ್‌ಗೆ ಅದು ಪವಾಡದಂತೆಯೇ ಕಂಡಿತು. ಅವಳು ಎರಡು ಷರತ್ತು ಹಾಕಿದಳು. ಚರ್ಚಿನ ಬಾಗಿಲು ತನ್ನ ಮಗನ ಕಟ್ಟಡದ ಕಡೆಗೇ ಇರಬೇಕು. ಅವನ ಹೋಟೆಲ್ ತೆರೆಯುವ ಮೊದಲೇ ಪ್ರಾರ್ಥನೆ ಶುರುವಾಗಬೇಕು.

ಮಗನ ಆತ್ಮದ ಬಗ್ಗೆ ಈ ತಾಯಿಗೆ ಎಷ್ಟು ಕಾಳಜಿ ಎಂದು ಜಯಪಾಲ್ ಕರಗಿಹೋದರು. ನಿಮಗಾಗಿ ಪ್ರಾರ್ಥನೆ ಮಾಡಲೇ ಎಂದರು. ಬಸ್ ಹೊರಟುಹೋಗುತ್ತದೆ ಎಂದು ಅವಳು ಎದ್ದಳು.

ಆದರೆ ನಕ್ಷೆಯಲ್ಲಿ ಆ ಜಾಗ ಕೈಗಾರಿಕೆಗೆ ಮೀಸಲು. ಅದನ್ನು ಬದಲಾಯಿಸಲು ಅರ್ಜಿ ಹಾಕಿದ್ದಾಯಿತು. ಕಾಂತರಾಜುವಿನ ದೊಡ್ಡಪ್ಪ ಆದಿನಾರಾಯಣಪ್ಪ ಅರ್ಧ ಊರನ್ನು ಸೇರಿಸಿ ತಕರಾರು ಎತ್ತಿದ. ತಕರಾರಿಗೆ ಮೊದಲ ಸಹಿ ಹಾಕಬೇಕಿದ್ದ ಕಾಂತರಾಜು ಮಾತ್ರ ಒಂದೇ ದಿನದಲ್ಲಿ ತಿರುಗಿಬಿದ್ದ. ಪಕ್ಕದ ಜಾಗ ಬದಲಾದರೆ ನಿನ್ನದೂ ಸಲೀಸಾಗಿ ಬದಲಾಗುತ್ತದೆ, ಹೋಟೆಲಿಗೂ ಅದೇ ಅನುಮತಿ ಬೇಕಲ್ಲ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅಂದಿನಿಂದ ಚರ್ಚಿನ ಫೈಲಿನ ಹಿಂದೆ ಪಾಸ್ಟರ್‌ಗಿಂತ ಹೆಚ್ಚು ಓಡಾಡಿದವನು ಅವನೇ. ಹೋಟೆಲಿನಲ್ಲಿ ಮೊದಲ ಎಲೆ ನಿಮಗೇ ಎಂದು ದೊಡ್ಡಪ್ಪನನ್ನೂ ತಣ್ಣಗೆ ಮಾಡಿದ.

ವಿಚಾರಣೆಯ ದಿನ ತೊಡಕಾದದ್ದು ಬೇರೆಯೇ. ಕೈಗಾರಿಕಾ ಪ್ರದೇಶದ ಅರ್ಜಿಯಲ್ಲಿ ಕಚ್ಚಾ ವಸ್ತು, ಉತ್ಪನ್ನ, ತ್ಯಾಜ್ಯ ಎಂದೆಲ್ಲ ಕೇಳಿದ್ದರು. ಯಾವುದನ್ನೂ ಖಾಲಿ ಬಿಡುವಂತಿರಲಿಲ್ಲ. ಜಯಪಾಲ್ ಬಹಳ ಯೋಚಿಸಿ, ಕಚ್ಚಾ ವಸ್ತು ಜನ, ಉತ್ಪನ್ನ ಜನ, ತ್ಯಾಜ್ಯ ಇಲ್ಲ ಎಂದು ತುಂಬಿದ್ದರು. ಅಧಿಕಾರಿ ಅದನ್ನು ಎರಡು ಸಲ ಓದಿದ. ಒಳಗೆ ಹೋಗುವುದೇ ಹೊರಗೂ ಬರುವುದಾದರೆ ಇದು ಗೋದಾಮು ಎಂದ. ಗೋದಾಮಿಗೆ ಯಾವ ಬದಲಾವಣೆಯೂ ಬೇಡ, ಹಾಗೇ ಬರೆದುಕೊಟ್ಟರೆ ಇವತ್ತೇ ಮುಗಿಯಿತು ಎಂದ. ಜಯಪಾಲ್ ಸಂತೋಷದಿಂದ ಪೆನ್ನು ತೆಗೆದರು.

ಹಿಂದೆ ಕುಳಿತಿದ್ದ ಮುನಿಗಂಗಮ್ಮ ಎದ್ದು ನಿಂತಳು.

"ಗೋದಾಮು ಬ್ಯಾಡ ಸಾ. ಕಾಗದದಲ್ಲಿ ಚರ್ಚು ಅಂತ್ಲೇ ಇರ್ಬೇಕು."

ಜಯಪಾಲ್ ಕಣ್ಣೊರೆಸಿಕೊಂಡರು. ಇನ್ನು ಇವಳು ನಮ್ಮವಳಲ್ಲ ಎಂದು ಆದಿನಾರಾಯಣಪ್ಪ ನಿಟ್ಟುಸಿರು ಬಿಟ್ಟ.

ಅನುಮತಿ ಬಂತು. ಸಭೆಯವರಲ್ಲೇ ವೆಲ್ಡಿಂಗ್ ಮಾಡುವವರೂ ಗಾರೆ ಕೆಲಸದವರೂ ಇದ್ದುದರಿಂದ ಶೀಟಿನ ಚರ್ಚು ನೋಡನೋಡುತ್ತಿದ್ದಂತೆ ಎದ್ದಿತು. ಮೊದಲ ಪ್ರಾರ್ಥನೆಯ ಭಾನುವಾರ ಮುನಿಗಂಗಮ್ಮನೂ ಬಂದಳು. ಒಳಗೆ ಹಾಡು ಶುರುವಾಗಿತ್ತು. ಅವಳು ಬಾಗಿಲಲ್ಲಿ ನಿಂತು ಮಗನ ಕಟ್ಟಡವನ್ನೊಮ್ಮೆ ನೋಡಿ, ಬಂದ ದಾರಿಯಲ್ಲೇ ಹಿಂತಿರುಗಿದಳು.

ಮರುವಾರ ಕಾಂತರಾಜುವಿನ ಸ್ಥಳ ಪರಿಶೀಲನೆಗೆ ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದರು. ಅವನು ಎಳನೀರು ಕೊಟ್ಟು ಉಪಚರಿಸಿದ. ಅವರು ಅರ್ಧ ಕುಡಿದು, ಎದುರಿಗಿದ್ದ ಶಿಲುಬೆ ನೋಡಿ, ಎಳನೀರನ್ನು ಕೆಳಗಿಟ್ಟರು. ಟೇಪು ಬಿಚ್ಚಿ ಈ ಬಾಗಿಲಿಂದ ಆ ಬಾಗಿಲಿಗೆ ಅಳೆದರು. ಪೂರ್ತಿ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಅವರು ಅಬಕಾರಿ ಇಲಾಖೆಯವರು.

"ಪ್ರಾರ್ಥನೆ ಮಾಡೋ ಜಾಗದ ಎದುರಿಗೆ ಬಾರ್‌ಗೆ ಲೈಸೆನ್ಸ್ ಕೊಡೋಕೆ ಬರಲ್ಲ," ಎಂದರು ಹಿರಿಯರು. "ಈ ಚರ್ಚ್ ಫೈಲಿಗೆ ಓಡಾಡಿದ್ದು ನೀವೇ ಅಂತಲ್ಲಪ್ಪಾ?"

ಕಾಂತರಾಜು ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕುಸಿದ. ಸಿಟ್ಟು ಮಾಡಲೂ ಅವನಲ್ಲಿ ಶಕ್ತಿ ಇರಲಿಲ್ಲ. ಮುನಿಗಂಗಮ್ಮ ಪಕ್ಕದಲ್ಲಿ ಕೂತಳು. ಬಾರ್‌ಗೆ ಮೊದಲು ನೋಡಿದ್ದ ಜಾಗ ಶಾಲೆಯ ಹತ್ತಿರವೆಂದು ಕೈತಪ್ಪಿತು, ಗುಡಿಯ ಪಕ್ಕವೂ ಆಗುವುದಿಲ್ಲವಂತೆ ಎಂದು ಅಮಲಿನಲ್ಲಿ ಗೋಳಾಡಿದ್ದವನು ಅವನೇ. ಅದನ್ನು ಅವಳು ಮೆಲ್ಲಗೆ ನೆನಪಿಸಿದಳು.

"ಇರೋ ಬಾರ್‌ಗೆಲ್ಲ ನೀನೇ ಗಿರಾಕಿ ಕಾಂತ. ನಿನ್ ಕೈಗೇ ಒಂದು ಬಾರ್ ಬಂದಿದ್ರೆ ನೀನು ನಂಗೆ ಉಳೀತಿದ್ಯಾ?"

ಅದಕ್ಕೆ ನಮ್ಮ ದೇವರು ಯಾರೂ ಸಿಗಲಿಲ್ಲವೇ ಎಂದು ಅವನು ಕೇಳಿದ.

"ಮೊದ್ಲು ಮುನೇಶ್ವರನ್ನೇ ಕೂರ್ಸೋಣ ಅಂದ್ಕಂಡಿದ್ದೆ ಕಣಪ್ಪಾ," ಎಂದಳು ಅವ್ವ. "ಎಡೆಗೆ ಅವನೂ ಬಾಟ್ಲಿ ಕೇಳ್ತಾನೆ."