ಮುರಿಯದ ರೊಟ್ಟಿ

ರೊಟ್ಟಿಯ ಪುಟ್ಟಿಯನ್ನು ಅತ್ತಿಗೆ ದ್ಯಾಮಕ್ಕನ ತಲೆಯಿಂದ ಇಳಿಸಿ, ಅರೆಸುಟ್ಟ ಬೇವಿನ ಮರದ ಬುಡದಲ್ಲಿಟ್ಟು, ಗೌಡ ಪಾಲಾಕ್ಷಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತ.

“ತಗೋ ಹುಲುಗಮ್ಮ, ಊರಿನ ಬುತ್ತಿ. ಎಲ್ಲಾರೂ ಹೊಟ್ಟಿ ತುಂಬ ಉಣ್ರಿ.”

ಹುಲುಗಮ್ಮ ಕೂತಲ್ಲಿಂದ ಏಳಲಿಲ್ಲ. “ಇವತ್ತು ಹುಲುಗಮ್ಮ ಆದ್ನೇನ್ರಿ ಗೌಡ್ರ? ಮೊನ್ನಿ ತನಕ ಹುಲುಗಿ ಇದ್ದೆ. ಜೀಪು ಬಂದೈತಂತ ಹೆಸರು ಉದ್ದ ಆತೇನು?”

ಜೀಪು ಕೇರಿಯ ಬಾಯಲ್ಲೇ ನಿಂತಿತ್ತು. ಕೂಡ್ಲಿಗಿಯಿಂದ ಬಂದ ಪೊಲೀಸ್ ಸಾಹೇಬರು ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕಾಯುತ್ತಿದ್ದರು. ಊರವರು ಬುತ್ತಿ ಕೊಟ್ಟರು, ಕೇರಿಯವರು ಉಂಡರು, ಇನ್ನು ಎಲ್ಲ ಶಾಂತ ಎಂದು ಬರೆದುಕೊಂಡರೆ ಅವರ ಕೆಲಸ ಮುಗಿಯಿತು. ಮೂರು ದಿನದ ಹಿಂದೆ, ಕೂಲಿ ಕೊಡದೆ ಗೌಡರ ಹೊಲಕ್ಕೆ ಬರುವುದಿಲ್ಲ ಎಂದದ್ದಕ್ಕೆ, ಇದೇ ಕೇರಿಯ ಹನ್ನೊಂದು ಗುಡಿಸಲಿಗೆ ಬೆಂಕಿ ಬಿದ್ದಿತ್ತು. ನಾಲ್ಕು ಜನ ಸತ್ತರು. ಅವರಲ್ಲಿ ಇಬ್ಬರು ಹುಲುಗಮ್ಮನ ಗಂಡ ಗಾಳೆಪ್ಪ, ಮಗ ಜಂಬಯ್ಯ. ಕೇರಿಯವರು ಬೆಂಕಿ ಇಟ್ಟವರ ಹೆಸರು ಹಿಡಿದು ಹೇಳಿದರೆ ಸಾಹೇಬರು, “ನೀವು ಅವರಿಗೆ ಆಗದವರು. ಊರಿನ ಪೈಕಿ ಒಬ್ಬ ಸಾಕ್ಷಿ ತರ್ರಿ” ಅನ್ನುತ್ತಿದ್ದರು. ಊರನ್ನು ಕೇಳಿದರೆ ಊರಿಗೆ ಊರೇ ಕೊಟ್ಟೂರು ಸಂತೆಗೆ ಹೋಗಿತ್ತಂತೆ. ಅವತ್ತು ಕೊಟ್ಟೂರಲ್ಲಿ ಸಂತೆಯೇ ಇರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಹೊರಗಿನಿಂದ ಬುತ್ತಿ ಬರಬೇಕು. ತಂದವರು ಮೊದಲ ರೊಟ್ಟಿಯನ್ನು ತಮ್ಮ ಕೈಯಾರೆ ಮುರಿದು, ಅರ್ಧವನ್ನು ಮನೆಯವರ ಕೈಗಿಟ್ಟು, ಇನ್ನರ್ಧವನ್ನು ಅಲ್ಲೇ ಕೂತು ತಿನ್ನಬೇಕು. ಆಮೇಲೇ ಉಳಿದವರ ಊಟ. ಕೋಗಳಿಯ ಬೀಗರು ಎರಡು ಸಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಬಂದೋಬಸ್ತಿನ ಪೊಲೀಸರು ಹೊರಗಿನವರನ್ನು ಒಳಗೆ ಬಿಡಲಿಲ್ಲ. ಕೇರಿ ಮೂರು ದಿನದಿಂದ ಮಂಡಕ್ಕಿ, ನೀರಿನ ಮೇಲಿತ್ತು. ದಿನ ತುಂಬಿದ ಬಸುರಿ, ಹುಲುಗಮ್ಮನ ಸೊಸೆ ಉಚ್ಚಂಗೆಮ್ಮ, ರೊಟ್ಟಿಯ ಪುಟ್ಟಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು. ಹುಲುಗಮ್ಮ ಅದನ್ನು ನೋಡಿದಳು. ಅವಳ ಸಿಟ್ಟು ಇನ್ನೊಂದು ಗೇಣು ಏರಿತು.

“ಮುರಿಯೋರು ಯಾರ್ರಿ?” ಎಂದಳು.

“ಏನು?”

“ರೊಟ್ಟಿ. ನಿಮ್ಮವ್ವ ಸತ್ತಾಗ ನಿಮ್ಮ ನೆಂಟರು ಪಡಸಾಲ್ಯಾಗ ಕುಂತು ಮುರಿದ್ರು. ನಾನು ಬಯಲಾಗ ನಿಂತು ನೋಡೀನಿ. ಆಕಿ ಕುಣಿ ತೋಡಿದಾವ ನನ್ನ ಗಂಡ. ಬರ್ರಿ, ಕುಂದರ್ರಿ, ಮುರೀರಿ.”

ಪಾಲಾಕ್ಷಪ್ಪ ದನಿ ತಗ್ಗಿಸಿದ. “ಅದೆಲ್ಲಾ ಈಗ್ಯಾಕ? ಬಸುರಿ ಹೆಂಗಸು ಹಸಗೊಂಡು ಕುಂತಾಳ, ಕಾಣಂಗಿಲ್ಲೇನು ನಿನಗ?”

“ಬಸುರಿ ಹೆಂಗಸು ಮೂರು ದಿನದ ಹಿಂದ ನಿಮಗ ಕಂಡಿದ್ದರ ಚಲೋ ಇತ್ತು.”

“ಏನ್ ಗೌಡ್ರೆ, ಆಯ್ತಾ?” ಸಾಹೇಬರು ಜೀಪಿನ ಹತ್ತಿರದಿಂದಲೇ ಕೂಗಿದರು.

“ಆತ್ರಿ ಸಾಹೇಬ್ರ, ಉಣ್ಣಾಕ ಹತ್ಯಾರ” ಎಂದ ಪಾಲಾಕ್ಷಪ್ಪ.

ಅಲ್ಲಿಯವರೆಗೆ ಸೆರಗು ಹೊದ್ದು ನಿಂತಿದ್ದ ದ್ಯಾಮಕ್ಕ ಮೈದುನನನ್ನು ದಾಟಿಕೊಂಡು ಮುಂದೆ ಬಂದಳು. ಗಂಡ ಸತ್ತ ಮೇಲೆ ಗೌಡರ ಅಡಿಗೆಮನೆಯಲ್ಲೇ ಜೀವ ಸವೆಸಿದವಳು, ಈ ರೊಟ್ಟಿಗಳನ್ನು ಬಡಿದವಳೂ ಅವಳೇ. ಹುಲುಗಮ್ಮನ ಎದುರು ಬೂದಿಯ ಮೇಲೆ ಕೂತಳು. ಮೇಲಿನ ರೊಟ್ಟಿ ತೆಗೆದು ಮುರಿದಳು. ಖಡಕ್ ರೊಟ್ಟಿ ಮುರಿದ ಸದ್ದು ಇಡೀ ಕೇರಿಗೆ ಕೇಳಿತು.

“ಅತ್ತಿಗಿ, ಏಳು” ಎಂದ ಪಾಲಾಕ್ಷಪ್ಪ. “ಅಲ್ಲಿ ಬಾಯಿಗೆ ಹಾಕ್ಕೊಂಡಿ ಅಂದ್ರ ನಮ್ಮ ಒಲಿ ಮುಂದ ನಿನಗ ಜಾಗ ಇಲ್ಲ.”

“ಇಪ್ಪತ್ತು ವರ್ಷ ಆ ಒಲಿ ಮುಂದ ಬೆಂದೀನಿ. ಸಾಕು” ಎಂದು ದ್ಯಾಮಕ್ಕ ಒಂದು ಚೂರು ಬಾಯಿಗಿಟ್ಟುಕೊಂಡಳು. ಉಳಿದರ್ಧವನ್ನು ಹುಲುಗಮ್ಮನ ಮುಂದೆ ಹಿಡಿದಳು.

ಹುಲುಗಮ್ಮ ಕೈ ಚಾಚಲಿಲ್ಲ. “ಮೂರು ದಿನ ಎಲ್ಲಿದ್ದೆವ್ವ?”

“ಮನ್ಯಾಗ. ಹೆದರಿಕಿ ಆಗಿತ್ತು.” ದ್ಯಾಮಕ್ಕ ಒಣ ರೊಟ್ಟಿಯನ್ನು ಕಷ್ಟಪಟ್ಟು ನುಂಗಿದಳು. “ಅವತ್ತು ನಮ್ಮ ಅಡಿಗಿಮನಿಯಿಂದ ಸೀಮೆಎಣ್ಣಿ ಡಬ್ಬಿ ಹೋತು. ಯಾರು ಒಯ್ದ್ರು ಅಂತ ನೋಡೀನಿ. ಎತ್ತಿ ಕೊಟ್ಟಾಕಿನೂ ನಾನ. ಯಾಕಂತ ಕೇಳಲಿಲ್ಲ.”

ಆ ರೊಟ್ಟಿಯನ್ನು ಕಿತ್ತುಕೊಂಡು ಅವಳ ಮುಖಕ್ಕೇ ಎಸೆಯಬೇಕೆನ್ನಿಸಿತು ಹುಲುಗಮ್ಮನಿಗೆ. ಹಿಂದೆ ಉಚ್ಚಂಗೆಮ್ಮ ಏದುಸಿರು ಬಿಡುತ್ತಿದ್ದಳು. ಹುಲುಗಮ್ಮ ಹಲ್ಲು ಕಚ್ಚಿಕೊಂಡಳು.

“ಇದನ್ನ ನನ್ನ ಮುಂದ ಯಾಕ ಹೇಳ್ತಿ? ನನಗ ಗೊತ್ತಿಲ್ಲೇನು? ಆ ಜೀಪಿನ ಮುಂದ ಹೋಗಿ ಹೇಳು. ಹೇಳಿ ಬಂದು ಕೊಡು, ತಿಂತೀವಿ.”

ದ್ಯಾಮಕ್ಕ ಜೀಪನ್ನು ನೋಡಿದಳು. ಮೈದುನನನ್ನು ನೋಡಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಅರ್ಧ ರೊಟ್ಟಿ ಹಿಡಿದುಕೊಂಡೇ ನಡೆದಳು. ಪಾಲಾಕ್ಷಪ್ಪ ಅಡ್ಡ ಬಂದ. ಸಾಹೇಬರು ನೋಡುತ್ತಿದ್ದುದರಿಂದ ಕೈ ಮಾತ್ರ ಎತ್ತಲಿಲ್ಲ. ಅವಳು ಬಳಸಿಕೊಂಡು ಹೋದಳು.

ಸಾಹೇಬರು ಕಾಗದ ಮಡಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಾಗಿತ್ತು.

“ಪೆನ್ನು ತೆಗೀರಿ ಸಾಹೇಬ್ರ” ಎನ್ನುತ್ತಿದ್ದಳು ದ್ಯಾಮಕ್ಕ. “ನಾನು ಸಂತಿಗೆ ಹೋಗಿದ್ದಿಲ್ಲ.”

ಇತ್ತ ಹುಲುಗಮ್ಮ ಈಗ ಕೈ ಚಾಚಿದಳು. ಬೂದಿ ಮೆತ್ತಿದ ಆ ಅಂಗೈ, ಪೆನ್ನು ಜೇಬಿನಿಂದ ಹೊರಗೆ ಬರುವುದನ್ನು ಕಾಯುತ್ತ, ಗಾಳಿಯಲ್ಲಿ ಹಾಗೇ ನಿಂತಿತ್ತು.